ಎದೆಹಾಲಿನ ಬ್ಯಾಂಕ್: ಮೊದಲು ಪಡೆದೆ, ಆಮೇಲೆ ಕೊಟ್ಟೆ

ನನ್ನ ಮಗಳು ಹುಟ್ಟಿದ್ದು 29ನೇ ವಾರಕ್ಕೆ. ತೂಕ 1,150 ಗ್ರಾಂ. ಅವಳ ಹೊಟ್ಟೆಗೆ ಮೊದಲು ಹೋದ ಹಾಲು ನನ್ನದಲ್ಲ. ಹೆಸರೂ ಗೊತ್ತಿಲ್ಲದ ಯಾರೋ ತಾಯಿ ಬ್ಯಾಂಕಿಗೆ ಕೊಟ್ಟು ಹೋಗಿದ್ದ ಹಾಲು. ಮುಂದೆ ನನಗೆ ಹಾಲು ಹೆಚ್ಚಾದಾಗ ಅದೇ ಬ್ಯಾಂಕಿಗೆ ನಾನೂ ಕೊಟ್ಟೆ. ಎರಡೂ ಕಡೆ ನಿಂತು ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ದಿನ ತುಂಬದೆ ಹೆರಿಗೆಯಾದವರು ಓದಲಿ. ಅವರಿಗಿಂತ ಜಾಸ್ತಿ, ಅವರ ಮನೆಯವರು ಓದಲಿ. ಆ ಹೊತ್ತಿನಲ್ಲಿ ಸಹಿ ಹಾಕುವವರು, ಓಡಾಡುವವರು ಅವರೇ ಅಲ್ವಾ.

ಏಳನೇ ತಿಂಗಳಲ್ಲಿ ನನ್ನ ಕಾಲು, ಮುಖ ಊದಿಕೊಂಡವು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು ಎಲ್ಲರೂ. ಆಮೇಲೆ ತಲೆನೋವು ಬಂತು, ಕಣ್ಣು ಮಂಜಾಯಿತು. ನಮ್ಮೂರಿನ ಹತ್ತಿರದ ನರ್ಸಿಂಗ್ ಹೋಂನಲ್ಲಿ ನೋಡಿದರೆ ಬಿಪಿ ತುಂಬಾ ಏರಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. "ಮಗುವನ್ನು ಬೇಗ ತೆಗೆಯಬೇಕಾಗಬಹುದು, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಕಡೆ ಹೋಗಿ" ಎಂದು ಬೆಂಗಳೂರಿಗೆ ಕಳಿಸಿದರು. ಹಾಗೆ ಕಳಿಸಿದ್ದು ಸರಿಯೇ. ಆದರೆ ಹೊರಡುವಾಗ ಅಲ್ಲಿಯವರೊಬ್ಬರು ಒಂದು ಚೀಟಿಯಲ್ಲಿ ಹಾಲಿನ ಪುಡಿಯ ಹೆಸರು ಬರೆದು ನನ್ನ ಗಂಡನ ಕೈಗೆ ಕೊಟ್ಟರು. "ಬೇಕಾಗುತ್ತೆ, ಒಂದು ಡಬ್ಬ ತಗೊಂಡಿರಿ" ಎಂದರು. ಮಗು ಇನ್ನೂ ಹೊಟ್ಟೆಯಲ್ಲೇ ಇತ್ತು! ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಶಿಶು ಆಹಾರದ ಡಬ್ಬಗಳನ್ನು ಹೀಗೆ ಪ್ರಚಾರ ಮಾಡಬಾರದು ಎಂದು ನಮ್ಮ ದೇಶದಲ್ಲಿ 1992ರಿಂದಲೇ ಕಾನೂನು ಇದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಆದರೂ ಚೀಟಿಗಳು ಓಡಾಡುತ್ತಲೇ ಇವೆ.

ಬೆಂಗಳೂರಿನಲ್ಲಿ ಮಗುವಿನ ಶ್ವಾಸಕೋಶ ಬಲಿಯಲಿ ಎಂದು ನನಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಫಿಟ್ಸ್ ಬರದಿರಲಿ ಎಂದು ಮ್ಯಾಗ್ನೀಷಿಯಂ ಡ್ರಿಪ್ ಹಾಕಿದರು. ಅದು ಮಗುವಿನ ಮೆದುಳಿಗೂ ಒಳ್ಳೆಯದಂತೆ. ಆದರೂ ಬಿಪಿ ಹಿಡಿತಕ್ಕೆ ಬರಲಿಲ್ಲ. ಸಿಸೇರಿಯನ್ ಮಾಡಿದರು. ಮಗು ಒಮ್ಮೆ ಸಣ್ಣದಾಗಿ ಅತ್ತದ್ದು ಕೇಳಿಸಿತು. ಆಮೇಲೆ ಅವಳನ್ನು ತೆಗೆದುಕೊಂಡು ಹೋದರು. ನಾನು ಒಂದು ಮಹಡಿಯಲ್ಲಿ, ಅವಳು ಇನ್ನೊಂದು ಮಹಡಿಯಲ್ಲಿ. ನನಗೆ ಡ್ರಿಪ್ಪು, ಕ್ಯಾತಿಟರ್. ಅವಳಿಗೆ ಮೂಗಿನಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಹೊಕ್ಕುಳಿನಲ್ಲಿ ಲೈನು.

ಹಾಲಿನ ಮಾತು ಬಂದದ್ದು ಆಗ. ಮಕ್ಕಳ ಡಾಕ್ಟರು ನನ್ನ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರಂತೆ. ಇಷ್ಟು ಬೇಗ ಹುಟ್ಟಿದ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ. ಒಳಪದರ ತೆಳು. ಕೆಟ್ಟ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಕಡಿಮೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಕರುಳು ಉರಿಯೂತ ಬಂದು, ಕರುಳಿನ ಭಾಗವೇ ಸತ್ತುಹೋಗುವ ಕಾಯಿಲೆ ಬರುತ್ತದೆ. ಅದರ ಉದ್ದ ಹೆಸರು ನೆಕ್ರೋಟೈಸಿಂಗ್ ಎಂಟೆರೊಕೊಲೈಟಿಸ್. ವಾರ್ಡಿನಲ್ಲಿ ಎಲ್ಲರೂ ಸುಮ್ನೆ 'ನೆಕ್' ಎನ್ನುತ್ತಾರೆ. ಮಗುವಿನ ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿಯಾಗುತ್ತದೆ, ಮಲದಲ್ಲಿ ರಕ್ತ ಬರುತ್ತದೆ. ಕೆಲವೊಮ್ಮೆ ಆಪರೇಷನ್ ಮಾಡಬೇಕಾಗುತ್ತದೆ. ಕೆಲವು ಮಕ್ಕಳು ಉಳಿಯುವುದೇ ಇಲ್ಲ.

ದಾನಿ ತಾಯಿಯ ಹಾಲು ಕುಡಿದ ಮಕ್ಕಳಿಗೆ ಹೋಲಿಸಿದರೆ ಪುಡಿ ಹಾಲು ಕುಡಿದ ಮಕ್ಕಳಲ್ಲಿ ಈ ನೆಕ್ ಹತ್ತಿರ ಹತ್ತಿರ ಎರಡು ಪಟ್ಟು ಜಾಸ್ತಿ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು. ಹಾಗಾಗಿ ಕ್ರಮ ಹೀಗೆ: ಮೊದಲು ಹೆತ್ತ ತಾಯಿಯ ಹಾಲು. ಅದು ಇಲ್ಲದಿದ್ದರೆ ಬ್ಯಾಂಕಿನ ಹಾಲು. ಅದೂ ಸಿಗದಿದ್ದರೆ ಮಾತ್ರ ಪುಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

"ತಾಯಿಗೆ ಇನ್ನೂ ಹಾಲು ಬಂದಿಲ್ಲ. ಬ್ಯಾಂಕಿನ ಹಾಲು ಶುರು ಮಾಡೋಣವಾ?" ಎಂದು ಡಾಕ್ಟರ್ ಕೇಳಿದರು. ಇದಕ್ಕೆ ಮನೆಯವರ ಲಿಖಿತ ಒಪ್ಪಿಗೆ ಬೇಕು.

ಅತ್ತೆ ಒಪ್ಪಲಿಲ್ಲ. "ಯಾರ ಹಾಲೋ ಏನೋ. ಏನು ಕಾಯಿಲೆ ಇದೆಯೋ. ಯಾವ ಜನವೋ. ನಮ್ಮ ಮಗುಗೆ ಯಾಕೆ?" ಎಂದರು. ನಾನಿದನ್ನು ಅತ್ತೆಯ ಮೇಲಿನ ದೂರಾಗಿ ಬರೆಯುತ್ತಿಲ್ಲ. ಭಯಪಟ್ಟ ಅಜ್ಜಿ ಕೇಳುವ ಪ್ರಶ್ನೆಗಳು ಅವು. ಎಷ್ಟೋ ಮನೆಗಳಲ್ಲಿ ಇವೇ ಪ್ರಶ್ನೆ ಬರುತ್ತವೆ. ಉತ್ತರ ಕೊಟ್ಟವರು ಬ್ಯಾಂಕಿನ ಸಿಸ್ಟರ್. ಅವರು ವಿಜ್ಞಾನದಿಂದ ಶುರು ಮಾಡಲಿಲ್ಲ. "ಅಜ್ಜಿ, ನಿಮ್ಮ ಕಾಲದಲ್ಲಿ ಬಾಣಂತಿಗೆ ಹಾಲು ಬರದಿದ್ರೆ ಕೂಸಿಗೆ ಏನು ಮಾಡ್ತಿದ್ರಿ?" ಎಂದು ಕೇಳಿದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ವಾರಗಿತ್ತಿ ಕುಡಿಸ್ತಿದ್ಲು. ನಮ್ಮನೆಯವರೇ ಅವರ ದೊಡ್ಡಮ್ಮನ ಹಾಲು ಕುಡಿದು ಬೆಳೆದವರು" ಎಂದರು. "ಇದೂ ಅಷ್ಟೇ ಅಜ್ಜಿ. ಆದರೆ ಇಲ್ಲಿ ರಕ್ತ ಪರೀಕ್ಷೆ ಮಾಡಿ, ಹಾಲು ಕಾಯಿಸಿ, ಮತ್ತೆ ಪರೀಕ್ಷೆ ಮಾಡಿ ಕೊಡ್ತೀವಿ." ಅತ್ತೆ ಮತ್ತೆ ಮಾತಾಡಲಿಲ್ಲ. ನನ್ನ ಗಂಡ ಸಹಿ ಹಾಕಿದರು.

ಮೊದಲ ಸಲ ಕೊಟ್ಟದ್ದು 1 ಮಿಲಿ. ಬಾಯಿಯ ಮೂಲಕ ಹೊಟ್ಟೆಗೆ ಹಾಕಿದ ತೆಳು ಟ್ಯೂಬಿನಲ್ಲಿ, ಸಿರಿಂಜಿನಿಂದ ತಾನಾಗಿ ಇಳಿಯುವಂತೆ ಬಿಡುತ್ತಾರೆ. ಎರಡು ಗಂಟೆಗೊಮ್ಮೆ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಮಗುವಿಗೆ ಬರುವುದು ಸುಮಾರು 34ನೇ ವಾರದ ಹೊತ್ತಿಗೆ. ಅಲ್ಲಿಯವರೆಗೆ ಟ್ಯೂಬೇ ಗತಿ. 1 ಮಿಲಿಯಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಅದು ಕರುಳನ್ನು ಎಬ್ಬಿಸುವ ಹಾಲು. ಮಗು ತಡೆದುಕೊಳ್ಳುತ್ತಿದೆ, ಹೊಟ್ಟೆ ಉಬ್ಬುತ್ತಿಲ್ಲ ಅಂದರೆ ದಿನಕ್ಕಿಷ್ಟು ಎಂದು ಏರಿಸುತ್ತಾ ಹೋಗುತ್ತಾರೆ. ಉಳಿದ ಶಕ್ತಿ ಸದ್ಯಕ್ಕೆ ಡ್ರಿಪ್ಪಿನಿಂದ.

ಇಷ್ಟೆಲ್ಲ ನಡೆಯುವಾಗ ನಾನು ಮೇಲಿನ ಮಹಡಿಯಲ್ಲಿ ಹಾಸಿಗೆಯಲ್ಲಿ ಇದ್ದೆ. ಡ್ರಿಪ್ ಮುಗಿಯುವ ಮೊದಲೇ ಅದೇ ಸಿಸ್ಟರ್ ನನ್ನ ಹತ್ತಿರ ಬಂದರು. ಹಾಲು ತೆಗೆಯಲು ಶುರು ಮಾಡಬೇಕು ಎಂದರು. "ಬ್ಯಾಂಕಿನ ಹಾಲು ಇದೆಯಲ್ಲ ಸಿಸ್ಟರ್, ಇವತ್ತು ಬಿಡಿ" ಎಂದೆ. ತಲೆ ಎತ್ತುವ ಶಕ್ತಿಯೂ ಇರಲಿಲ್ಲ. ಅವರು ಹೇಳಿದ ಮಾತು ಇದು: "ನೋಡಮ್ಮ, ಬ್ಯಾಂಕಿನ ಹಾಲು ಕೈಸಾಲ ಇದ್ದ ಹಾಗೆ. ಸಂಬಳ ಬರೋವರೆಗೆ. ನಿನ್ನ ಹಾಲು ಬರಬೇಕು."

ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಎದೆಹಾಲಿನ ಬ್ಯಾಂಕ್ ಅಂದರೆ ತಾಯಿಯ ಬದಲಿಗೆ ಇರುವ ವ್ಯವಸ್ಥೆ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಒಳ್ಳೆಯ ಬ್ಯಾಂಕಿನ ಕೆಲಸದಲ್ಲಿ ಮುಕ್ಕಾಲು ಪಾಲು ಹೆತ್ತ ತಾಯಿಗೇ ಹಾಲು ಬರಿಸುವ ಕೆಲಸ. ಕೇಂದ್ರ ಸರ್ಕಾರ 2017ರಲ್ಲಿ ಈ ಬಗ್ಗೆ ಮಾರ್ಗಸೂಚಿ ತಂದಾಗ ಬ್ಯಾಂಕ್ ಎನ್ನುವ ಹೆಸರನ್ನೇ ಮುಂದೆ ಇಡಲಿಲ್ಲ. 'ಲ್ಯಾಕ್ಟೇಷನ್ ಮ್ಯಾನೇಜ್‌ಮೆಂಟ್ ಸೆಂಟರ್' ಎಂದು ಕರೆದರು. ಹಾಲು ಸಂಗ್ರಹ, ತಾಯಿಗೆ ಹಾಲೂಡಿಸಲು ಸಹಾಯ, ಮಗುವನ್ನು ಎದೆಗೆ ಒರಗಿಸಿಕೊಳ್ಳುವ ಕಾಂಗರೂ ಆರೈಕೆ, ಎಲ್ಲಾ ಒಂದೇ ಕಡೆ ಇರಲಿ ಎನ್ನುವುದು ಅದರ ಉದ್ದೇಶ. ಅದು ಸರಿಯಾದ ಯೋಚನೆ ಎಂದು ನನ್ನ ಅನುಭವದಿಂದಲೇ ಹೇಳಬಲ್ಲೆ.

ಸಿಸ್ಟರ್ ಕೈಯಿಂದ ಹಾಲು ಹಿಂಡುವುದನ್ನು ಕಲಿಸಿದರು. ಕೈ ತೊಳೆದು, ಬಿಸಿನೀರಿನ ಬಟ್ಟೆ ಇಟ್ಟು, ಎದೆಯನ್ನು ಮೃದುವಾಗಿ ನೀವಬೇಕು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಗೂಡಿನ ಕಡೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಸೇರಿಸಿ ಹಿಂಡಬೇಕು, ಬಿಡಬೇಕು. ತೊಟ್ಟನ್ನು ಎಳೆಯಲೇಬಾರದು. ನೋವಾಯಿತು ಅಂದರೆ ಕ್ರಮ ತಪ್ಪಿದೆ ಎಂದರ್ಥ.

ಮೊದಲ ಸಲ ಏನೂ ಬರಲಿಲ್ಲ. ಮುಂದಿನ ಸಲವೂ ಇಲ್ಲ. ಆಮೇಲೊಮ್ಮೆ ತೊಟ್ಟಿನ ತುದಿಯಲ್ಲಿ ಹಳದಿ ಬಣ್ಣದ ದಪ್ಪ ಹನಿ ಕಾಣಿಸಿತು. ಸಿಸ್ಟರ್ ಅದನ್ನು ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಎಳೆದುಕೊಂಡರು. ಹನಿ ಹನಿ ಸೇರಿ ಅರ್ಧ ಮಿಲಿಯೂ ಆಗಲಿಲ್ಲ. ಅದನ್ನೇ ಲೇಬಲ್ ಅಂಟಿಸಿ ಕೆಳಗೆ ಓಡಿಸಿದರು. ಮೊದಲ ಹಳದಿ ಹಾಲಿನಲ್ಲಿ ರೋಗ ತಡೆಯುವ ಅಂಶ ಬಹಳ ಇರುತ್ತದೆ. ಮಗುವಿನ ಕೆನ್ನೆಯ ಒಳಗೆ ಎರಡು ಹನಿ ಸವರಿದರು. ನನ್ನ ಗಂಡ ಅದನ್ನು ಮೊಬೈಲಿನಲ್ಲಿ ಹಿಡಿದು ತಂದು ತೋರಿಸಿದರು. ನಾನು ಮಗಳನ್ನು ಸರಿಯಾಗಿ ನೋಡಿದ್ದು ಆ ವಿಡಿಯೋದಲ್ಲೇ.

ಮುಂದಿನ ದಿನಗಳು ಕಷ್ಟದವು. ಎರಡು ಮೂರು ಗಂಟೆಗೊಮ್ಮೆ ಹಾಲು ತೆಗೆಯಬೇಕು. ದಿನಕ್ಕೆ ಎಂಟು ಸಲವಾದರೂ. ರಾತ್ರಿ ಬಿಡುವಂತಿಲ್ಲ, ಯಾಕೆಂದರೆ ಹಾಲು ತಯಾರಿಸುವ ಹಾರ್ಮೋನ್ ರಾತ್ರಿಯೇ ಜಾಸ್ತಿ ಇರುತ್ತದೆ. ದಿನ ತುಂಬದ ಹೆರಿಗೆ, ಸಿಸೇರಿಯನ್, ಬಿಪಿ. ಈ ಮೂರರಲ್ಲಿ ಯಾವುದು ಇದ್ದರೂ ಹಾಲು ಇಳಿಯುವುದು ತಡವಾಗಬಹುದು. ನನಗೆ ಮೂರೂ ಇದ್ದವು. ಪಕ್ಕದ ಹಾಸಿಗೆಯವರಿಗೆ ಕೆನ್ನೆ ಗುಂಡಗಿರುವ ಮಗು, ನನ್ನ ಪಕ್ಕದಲ್ಲಿ ಪಂಪು. ನೋಡಲು ಬಂದವರು "ಹಾಲು ಬಂತಾ?" ಎಂದೇ ಮಾತು ಶುರು ಮಾಡುತ್ತಿದ್ದರು. ದಯವಿಟ್ಟು ಬಾಣಂತಿಯನ್ನು ಹಾಗೆ ಕೇಳಬೇಡಿ.

ಊಟದ ಮಾತೂ ಹೇಳಬೇಕು. ನಮ್ಮ ಕಡೆ ಬಾಣಂತಿಗೆ ನೀರು ಅಳತೆಯಲ್ಲಿ ಕೊಡುತ್ತಾರೆ. ಸಿಸ್ಟರ್ ಅದನ್ನು ಬಿಡಿಸಿದರು. ಬಾಯಾರಿದಷ್ಟು ಕುಡಿಯಬೇಕು. ಅಮ್ಮ ಸಬ್ಬಸಿಗೆ ಸೊಪ್ಪಿನ ಪಲ್ಯ, ಸುಟ್ಟ ಬೆಳ್ಳುಳ್ಳಿ ತರುತ್ತಿದ್ದರು. "ತಿನ್ನಮ್ಮ, ಒಳ್ಳೇದೇ. ಆದರೆ ಹಾಲು ಹೆಚ್ಚೋದು ಎದೆ ಖಾಲಿ ಮಾಡಿದಷ್ಟೂ" ಎಂದರು ಸಿಸ್ಟರ್. ನನ್ನ ಮಟ್ಟಿಗೆ ಅದು ನಿಜವಾಯಿತು. ಇನ್ನೊಂದು ನಿಜವಾದದ್ದು, ಮಗುವನ್ನು ಮುಟ್ಟಿ ಬಂದ ಮೇಲೆ ಹಾಲು ಜಾಸ್ತಿ ಬರುತ್ತಿತ್ತು. ವೀಲ್‌ಚೇರಿನಲ್ಲಿ ಕೂರಿಸಿ ಕರೆದುಕೊಂಡು ಹೋಗಿ ಎಂದು ನಾನು ಹಟ ಹಿಡಿಯುತ್ತಿದ್ದೆ. ಇನ್‌ಕ್ಯುಬೇಟರಿನ ಕಿಂಡಿಯೊಳಗೆ ಕೈ ಹಾಕಿ ಅವಳ ಪಾದ ಹಿಡಿದುಕೊಳ್ಳುತ್ತಿದ್ದೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ ಇತ್ತು ಆ ಪಾದ.

ನನ್ನ ಹಾಲು ಏರುತ್ತಾ ಹೋದ ಹಾಗೆ ಬ್ಯಾಂಕಿನ ಹಾಲು ಇಳಿಯುತ್ತಾ ಬಂತು. ಫೀಡಿಂಗ್ ಚಾರ್ಟಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ. ಮೊದಲು ಎಲ್ಲ ಬ್ಯಾಂಕಿನದೇ. ಆಮೇಲೆ ಅರ್ಧರ್ಧ. ಒಂದು ಬೆಳಿಗ್ಗೆ ನೋಡಿದರೆ ಬ್ಯಾಂಕಿನ ಕಾಲಂನಲ್ಲಿ ಬರೀ ಗೆರೆ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಹಾಲು ಏರಿದ್ದರಲ್ಲಿ ಕಾಂಗರೂ ಆರೈಕೆಯ ಪಾಲೂ ಇದೆ. ಸಿಪ್ಯಾಪ್ ಇರುವಾಗಲೇ ಶುರು ಮಾಡಿಸಿದರು. ಡೈಪರ್, ಟೋಪಿ ಬಿಟ್ಟು ಬೇರೆ ಬಟ್ಟೆ ಇಲ್ಲದ ಮಗುವನ್ನು ನನ್ನ ಎದೆಗೆ ಒರಗಿಸಿ, ಮೇಲೆ ಬಟ್ಟೆ ಕಟ್ಟಿ, ಗಂಟೆಗಟ್ಟಲೆ ಕೂರಿಸುತ್ತಿದ್ದರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ ಪದ್ಧತಿ ಇದು. ಈಗ ಅದು ಇನ್‌ಕ್ಯುಬೇಟರ್ ಇಲ್ಲದವರಿಗೆ ಮಾತ್ರ ಅಲ್ಲ. ಮಗು ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಾನು ಊಟಕ್ಕೆ ಹೋದಾಗ ನನ್ನ ಗಂಡ ಅಂಗಿ ಬಿಚ್ಚಿ ಕೂರುತ್ತಿದ್ದರು. ಮಾನಿಟರಿನಲ್ಲಿ ಮಗುವಿನ ಉಸಿರು ಒಂದೇ ಲಯಕ್ಕೆ ಬರುವುದು ಕಣ್ಣಿಗೇ ಕಾಣುತ್ತಿತ್ತು.

ಹಾಲು ತೆಗೆಯುವ ಕೋಣೆಯಲ್ಲಿ ನಾವು ನಾಲ್ಕೈದು ತಾಯಂದಿರು ಒಟ್ಟಿಗೆ ಕೂರುತ್ತಿದ್ದೆವು. ಅಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳಿದ್ದಳು. ಅವಳ ಮನೆಯವರಿಗೆ ಬೇರೆಯದೇ ಚಿಂತೆ. ಒಬ್ಬ ತಾಯಿಯ ಹಾಲು ಕುಡಿದ ಮಕ್ಕಳು ಅಣ್ಣತಂಗಿಯರಾಗುತ್ತಾರೆ, ಅವರ ನಡುವೆ ಮದುವೆ ಆಗಬಾರದು ಎನ್ನುವುದು ಅವರ ಧರ್ಮದ ನಿಯಮ. ಬ್ಯಾಂಕಿನಲ್ಲಿ ಹಲವು ತಾಯಂದಿರ ಹಾಲು ಸೇರಿರುತ್ತದೆ, ಯಾರದು ಎಂದು ಹೇಳುವುದಿಲ್ಲ. ಹಾಗಾದರೆ ಮುಂದೆ ಹೇಗೆ? ಸಿಸ್ಟರ್ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಅವರ ಮನೆಯವರು ತಮ್ಮ ಗುರುಗಳನ್ನು ಕೇಳಿ ಬರುವವರೆಗೆ ಕಾದರು. ಅಷ್ಟರಲ್ಲಿ ಅವಳ ಜೊತೆ ರಾತ್ರಿಯೂ ಕೂತು ಹಾಲು ತೆಗೆಸಿದರು. ಅವಳದೇ ಹಾಲು ಸಾಕಾಯಿತು. ಒಪ್ಪಿಗೆ ಕೇಳುವುದು ಅಂದರೆ ಹೀಗೆ ಕೇಳಬೇಕು. 'ಇಲ್ಲ' ಎನ್ನಲೂ ಅವಕಾಶ ಇರಬೇಕು, ಇಲ್ಲ ಎಂದವರ ಮಗುವಿಗೂ ದಾರಿ ಇರಬೇಕು.

34ನೇ ವಾರ ಹತ್ತಿರ ಬಂದಾಗ ಟ್ಯೂಬಿನ ಜೊತೆಗೆ ಒಳಲೆಯಲ್ಲಿ ಕುಡಿಸುವುದು ಶುರುವಾಯಿತು. ಬಾಟಲಿ ಬೇಡವೇ ಬೇಡ ಎಂದಿದ್ದರು. ಒಳಲೆ ನೋಡಿ ಅತ್ತೆಗೆ ಸಮಾಧಾನವಾಯಿತು. ಅದು ಅವರಿಗೆ ಗೊತ್ತಿರುವ ಸಾಮಾನು. ಇಲ್ಲಿಯದು ಸ್ಟೀಲಿನದು, ಅವರ ಮನೆಯದು ಬೆಳ್ಳಿಯದು, ಅಷ್ಟೇ. ನಿಧಾನವಾಗಿ ಎದೆಗೂ ಹಾಕಿದರು. ಇಷ್ಟು ಚಿಕ್ಕ ಮಗು ಬೆಳೆಯಲು ಎದೆಹಾಲೊಂದೇ ಸಾಲುವುದಿಲ್ಲ, ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ ಬೇಕು. ಅದಕ್ಕೆ ಹಾಲಿಗೆ ಫಾರ್ಟಿಫೈಯರ್ ಎನ್ನುವ ಪುಡಿ ಬೆರೆಸುತ್ತಿದ್ದರು. ಬ್ಯಾಂಕಿನ ಹಾಲಿಗೆ ಇದು ಇನ್ನೂ ಮುಖ್ಯ. ಕೊಡುವವರು ಹೆಚ್ಚಾಗಿ ದಿನ ತುಂಬಿ ಹೆತ್ತವರು, ಹೆರಿಗೆಯಾಗಿ ಕೆಲವು ವಾರ ಕಳೆದವರು. ಆ ಹಾಲಿನಲ್ಲಿ ಪ್ರೋಟೀನ್ ಕಡಿಮೆ. ಪುಡಿ ಹಾಲು ಕುಡಿದ ಮಕ್ಕಳ ತೂಕ ಆರಂಭದಲ್ಲಿ ಬೇಗ ಏರುತ್ತದೆ ಎನ್ನುವುದೂ ನಿಜ. ಯಾರಾದರೂ ಅದನ್ನು ತೋರಿಸಿ ಪುಡಿಯೇ ಮೇಲು ಎಂದರೆ ನೆಕ್‌ನ ವಿಷಯ ಕೇಳಿ.

ಮಗಳು ಮನೆಗೆ ಬಂದಳು. ಅವಳು ಕುಡಿಯುವುದಕ್ಕಿಂತ ನನಗೆ ಹಾಲು ಜಾಸ್ತಿ ಬರುತ್ತಿತ್ತು. ಅಷ್ಟು ದಿನ ಪಂಪ್ ಮಾಡಿದ್ದರಿಂದ ಇರಬೇಕು. ಎದೆ ಕಟ್ಟಿ ನೋವಾಗುತ್ತಿತ್ತು. ಆಗ ಬ್ಯಾಂಕಿಗೆ ಫೋನ್ ಮಾಡಿದೆ.

ಕೊಡುವವರ ಮೇಲೆ ಬ್ಯಾಂಕಿನವರು ಇಷ್ಟು ಕಟ್ಟುನಿಟ್ಟು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲು ಒಂದು ಫಾರಂ. ತಂಬಾಕು, ಮದ್ಯ ಇದೆಯಾ? ಯಾವ ಮಾತ್ರೆ ನುಂಗುತ್ತಿದ್ದೀರಿ? ಈಚೆಗೆ ರಕ್ತ ಹಾಕಿಸಿಕೊಂಡಿದ್ದೀರಾ? ನನ್ನ ಬಿಪಿ ಮಾತ್ರೆಯ ಹೆಸರು ಬರೆದುಕೊಂಡು ಡಾಕ್ಟರನ್ನು ಕೇಳಿ ಆಮೇಲೆ ಒಪ್ಪಿದರು. ನಿಮ್ಮ ಮಗು ಹೊಟ್ಟೆ ತುಂಬಾ ಕುಡಿಯುತ್ತಿದೆಯಾ ಎಂದು ಎರಡೆರಡು ಸಲ ಕೇಳಿದರು. ಸ್ವಂತ ಮಗುವಿಗೆ ಸಾಲದೆ ಇರುವವರಿಂದ ಹಾಲು ತೆಗೆದುಕೊಳ್ಳುವುದಿಲ್ಲ. ಆಮೇಲೆ ರಕ್ತ ಪರೀಕ್ಷೆ: ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್. ಖರ್ಚು ಅವರದೇ. ಎದೆಯಲ್ಲಿ ಕೀವು, ಸೋಂಕು ಇದ್ದರೆ ವಾಸಿಯಾಗುವವರೆಗೆ ಬೇಡ ಎನ್ನುತ್ತಾರೆ.

ಹಾಲು ತೆಗೆಯುವುದನ್ನು ಅಲ್ಲೇ ಮಾಡಬಹುದು, ಮನೆಯಲ್ಲೂ ಮಾಡಬಹುದು. ಮನೆಗೆ ಅವರೇ ಶುದ್ಧ ಮಾಡಿದ ಡಬ್ಬಿಗಳನ್ನು ಕೊಟ್ಟರು. ಪ್ರತಿ ಸಲದ ಹಾಲಿಗೂ ಬೇರೆ ಡಬ್ಬಿ. ದಿನಾಂಕ, ಸಮಯ ಬರೆಯಬೇಕು. ಕೂಡಲೇ ಫ್ರೀಜರ್. ನಮ್ಮ ಫ್ರೀಜರಿನಲ್ಲಿ ಇದ್ದ ಬಟಾಣಿ, ತೆಂಗಿನಕಾಯಿ ತುರಿ ಎಲ್ಲ ತೆಗೆಸಿ ಒಂದು ಭಾಗ ಇದಕ್ಕೇ ಬಿಟ್ಟೆ. ತರುವಾಗ ಐಸ್ ಬಾಕ್ಸ್. ದಾರಿಯಲ್ಲಿ ಕರಗಿದ ಹಾಲನ್ನು ಅವರು ತೆಗೆದುಕೊಳ್ಳುವುದಿಲ್ಲ.

ಹೋದಾಗ ಟೆಕ್ನಿಷಿಯನ್ ಗಾಜಿನ ಆಚೆಯಿಂದ ಎಲ್ಲ ತೋರಿಸಿದರು. ಕೆಲವು ದಾನಿಗಳ ಹಾಲನ್ನು ಸೇರಿಸಿ, ಬಾಟಲಿಗಳಿಗೆ ತುಂಬಿ, ಅಲುಗಾಡುವ ಬಿಸಿನೀರಿನ ತೊಟ್ಟಿಯಲ್ಲಿ ಇಡುತ್ತಾರೆ. 62.5 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಕುದಿಸುವುದಿಲ್ಲ. ಇದಕ್ಕೇ ಪಾಶ್ಚರೀಕರಣ ಎನ್ನುವುದು. ಈ ಶಾಖಕ್ಕೆ ಎಚ್‌ಐವಿಯಂಥ ವೈರಸ್ಸೂ ರೋಗದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಕೂಡಲೇ 4 ಡಿಗ್ರಿಗೆ ತಣಿಸುತ್ತಾರೆ. ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಎಂದು ನೋಡಲು ಒಂದಿಷ್ಟು ಹಾಲನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ಕಾಯಿಸಿದ ಮೇಲೂ ಏನಾದರೂ ಬೆಳೆದರೆ ಆ ಬ್ಯಾಚ್ ಪೂರ್ತಿ ಚೆಲ್ಲುತ್ತಾರೆ. ವರದಿ ಬರುವವರೆಗೆ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಒಂದು ಕಡೆ, ಬಂದ ಮೇಲೆ ಇನ್ನೊಂದು ಕಡೆ. ಎನ್‌ಐಸಿಯುನಿಂದ ಡಾಕ್ಟರ್ ಬರೆದು ಕಳಿಸಿದರೆ ಮಾತ್ರ ಹೊರಗೆ ಬರುತ್ತದೆ. ಕರಗಿಸಿದ ಹಾಲು 24 ಗಂಟೆಯೊಳಗೆ ಮುಗಿಯಬೇಕು.

ಇಷ್ಟು ಶಾಖಕ್ಕೆ ಹಾಲಿನಲ್ಲಿರುವ ಒಳ್ಳೆಯದೂ ಸ್ವಲ್ಪ ಹೋಗುತ್ತದೆ. ಕೊಬ್ಬು ಜೀರ್ಣಿಸುವ ಕಿಣ್ವ, ಸೋಂಕು ತಡೆಯುವ ಕೆಲವು ಪ್ರೋಟೀನ್‌ಗಳು, ಜೀವಕೋಶಗಳು ಹಾಳಾಗುತ್ತವೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ವಿಶೇಷ ಸಕ್ಕರೆಗಳು ಉಳಿಯುತ್ತವೆ. ಸಿಸ್ಟರ್ ಯಾಕೆ 'ಕೈಸಾಲ' ಎಂದು ಒತ್ತಿ ಹೇಳಿದರು ಎಂದು ಆಗ ನನಗೆ ಪೂರ್ತಿ ಅರ್ಥವಾಯಿತು. ಹೆತ್ತ ತಾಯಿಯ ತಾಜಾ ಹಾಲಿಗೆ ಇದ್ಯಾವ ನಷ್ಟವೂ ಇಲ್ಲ.

ಕೊಡಲು ಬರುವವರಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರೂ ಇರುತ್ತಾರೆ ಎಂದು ಅಲ್ಲಿ ತಿಳಿಯಿತು. ಮಗು ಹೋದರೂ ಹಾಲು ಬರುತ್ತದೆ. ಅದನ್ನು ನಿಧಾನವಾಗಿ ನಿಲ್ಲಿಸುವುದು ಹೇಗೆ ಎಂದು ಯಾರೂ ಅವರಿಗೆ ಹೇಳುವುದಿಲ್ಲ. ಇಲ್ಲಿ ಮೊದಲು ಅದನ್ನು ಹೇಳುತ್ತಾರೆ. ಕೊಡಿ ಎಂದು ಒತ್ತಾಯ ಮಾಡುವುದಿಲ್ಲ. ತಾವಾಗಿ ಕೊಡುತ್ತೇನೆ ಎಂದವರಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ನನ್ನ ಮಗಳಿಗೆ ಸಿಕ್ಕ ಹಾಲು ಅಂಥವರದೂ ಇರಬಹುದು. ಅವರಿಗೆ ನಾನು ಏನು ಹೇಳಬೇಕೋ ತಿಳಿಯುವುದಿಲ್ಲ.

ಇಂಥ ಮೊದಲ ಬ್ಯಾಂಕ್ ಶುರುವಾದದ್ದು 1909ರಲ್ಲಿ, ವಿಯೆನ್ನಾದಲ್ಲಿ. 1980ರ ದಶಕದಲ್ಲಿ ಎಚ್‌ಐವಿ ಭಯದಿಂದ ಹಲವು ದೇಶಗಳಲ್ಲಿ ಬ್ಯಾಂಕುಗಳು ಮುಚ್ಚಿದವು. ಅದೇ ದಶಕದ ಕೊನೆಯಲ್ಲಿ, 1989ರಲ್ಲಿ, ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಒಂದು ಬ್ಯಾಂಕ್ ತೆರೆದರು. ಏಷ್ಯಾದಲ್ಲೇ ಮೊದಲನೆಯದು. ಬಡವರು ಬರುವ ಮುನಿಸಿಪಲ್ ಆಸ್ಪತ್ರೆ ಅದು. ಅಲ್ಲಿ ಸಾಧ್ಯವಾದರೆ ಎಲ್ಲಿ ಬೇಕಾದರೂ ಸಾಧ್ಯ. ನಮ್ಮಲ್ಲಿ 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಲ್ಲಿ 'ಅಮೃತಧಾರೆ' ಶುರುವಾಯಿತು. ಭಾರತದಲ್ಲಿ 2020ರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಇವರಲ್ಲಿ ಎಲ್ಲರಿಗೂ ಬ್ಯಾಂಕಿನ ಹಾಲು ಬೇಕಾಗುವುದಿಲ್ಲ, ತೀರಾ ಬೇಗ ಹುಟ್ಟಿದ, ಒಂದೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಮುಖ್ಯವಾಗಿ ಬೇಕು. ಅವರಿಗೂ ಈಗಿರುವುದು ಸಾಲುವುದಿಲ್ಲ. ನಮ್ಮೂರಿನವರು ಹಾಲಿಗಾಗಿ ಬೆಂಗಳೂರಿಗೇ ಬರಬೇಕು ಎನ್ನುವ ಸ್ಥಿತಿ ಹೋಗಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇದು ಇರಲಿ ಎಂದು ನಾನು ಸಿಕ್ಕವರ ಹತ್ತಿರವೆಲ್ಲ ಹೇಳುತ್ತೇನೆ.

ಎರಡು ವಿಷಯ ಹೇಳಲೇಬೇಕು. ಎದೆಹಾಲನ್ನು ಮಾರುವ ಹಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಲಿಗೆ ದುಡ್ಡು ಕೊಡುತ್ತೇವೆ ಎಂದು ಯಾರಾದರೂ ಬಂದರೆ ದೂರ ಇರಿ. ದುಡ್ಡಿನಾಸೆಗೆ ಸ್ವಂತ ಮಗುವಿನ ಪಾಲು ಕಡಿಮೆಯಾಗುವುದು ಬಡ ತಾಯಂದಿರ ಮನೆಯಲ್ಲೇ. ಇನ್ನೊಂದು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಲು ಕೇಳಿ, ಹಾಗೇ ಹಂಚಿಕೊಳ್ಳುವವರಿದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಪರೀಕ್ಷೆ ಇಲ್ಲ, ಪಾಶ್ಚರೀಕರಣ ಇಲ್ಲ. ಎನ್‌ಐಸಿಯುನಲ್ಲಿರುವ ಮಗುವಿಗೆ ಅದು ಬೇಡ.

ಬೇಗ ಹೆರಿಗೆಯಾಗಬಹುದು ಎಂದು ಡಾಕ್ಟರ್ ಹೇಳಿದ ದಿನವೇ ಕೇಳಿಕೊಳ್ಳಿ. ನಿಮ್ಮಲ್ಲಿ ಹಾಲಿನ ಬ್ಯಾಂಕ್ ಇದೆಯಾ? ಇಲ್ಲದಿದ್ದರೆ ಎಲ್ಲಿಂದ ತರಿಸುತ್ತೀರಿ? ತಾಯಿಗೆ ಹಾಲು ತೆಗೆಯಲು ಯಾರು ಸಹಾಯ ಮಾಡುತ್ತಾರೆ, ರಾತ್ರಿಯೂ ಇರುತ್ತಾರಾ? ತಾಯಿಯನ್ನು ಎನ್‌ಐಸಿಯು ಒಳಗೆ ಎಷ್ಟು ಹೊತ್ತು ಬಿಡುತ್ತಾರೆ? ಬ್ಯಾಂಕ್ ಇದ್ದು ಈ ಕೊನೆಯ ಎರಡು ಇಲ್ಲದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ಮಗಳು ಗಂಜಿ, ರಾಗಿ ಸರಿ ತಿನ್ನಲು ಶುರು ಮಾಡಿದ ಮೇಲೆ ನನ್ನ ಹಾಲು ಅವಳಿಗೆ ಬೇಕಾದಷ್ಟಕ್ಕೆ ಬಂದು ನಿಂತಿತು. ಕೊಡುವುದನ್ನು ನಿಲ್ಲಿಸುತ್ತೇನೆ ಎಂದು ಫೋನ್ ಮಾಡಿದೆ. ಪರಿಚಯದವರಲ್ಲಿ ಯಾರಾದರೂ ಬಾಣಂತಿಯರಿದ್ದರೆ ತಿಳಿಸಿ ಎಂದರು ಸಿಸ್ಟರ್. ನನ್ನ ನಾದಿನಿಗೆ ಈಗ ಹೆರಿಗೆಯಾಗಿದೆ. ದಿನ ತುಂಬಿದ ಮಗು, ಧಾರಾಳ ಹಾಲು. ಅವಳ ರಕ್ತ ಪರೀಕ್ಷೆಯ ವರದಿ ಬಂದಿದೆ, ಎಲ್ಲ ಸರಿ ಇದೆ. ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತಾರೆ, ಕೂಸನ್ನು ಎತ್ತಿಕೊಳ್ಳಲು ಒಬ್ಬರು ಬೇಕಲ್ಲ.